ನೆರೆಯವರು ಊರು ಬಿಟ್ಟಿದ್ದಾರೆ

ಆಸ್ಪತ್ರೆಯ ಮೂರನೇ ಮಹಡಿ, ಹೆಂಗಸರ ವಾರ್ಡಿನ ಹೊರಗಿನ ಬೆಂಚು
ಶುಕ್ರವಾರ, ಮಾರ್ಚ್ ೬, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಅಮ್ಮನ ಜಮೀನನ್ನು ಅಳಿಸಿ ಹಾಕಿದವನು ನಾನು. ಫೋನಿನ ಆಟದೊಳಗೆ ಮೂರು ವರ್ಷ ಅವಳು ಬಿತ್ತಿ ಬೆಳೆದ ಆ ಜಮೀನನ್ನು, ಅವಳನ್ನು ಒಂದು ಮಾತೂ ಕೇಳದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಬರೆಯಲು ಕೈ ಬರುತ್ತದೆ. ಈಗ ಕೇಳುತ್ತೇನೆ, ನೀನು ಹೇಗಿದ್ದೀಯ? ಚಳಿಗೆ ಬರುತ್ತಿದ್ದ ಆ ಕೆಮ್ಮು ಹೋಯಿತೇ? ನಿನಗೆ ಕನ್ನಡಕ ಬಂದಿದೆಯಂತೆ, ದರ್ಜಿ ಅಂಗಡಿಯ ನಿನ್ನ ಗೆಳತಿ ಹೇಳಿದಳು. ವಿಳಾಸವನ್ನೂ ಅವಳೇ ಕೊಟ್ಟಳು, ಬೈದುಕೊಂಡೇ ಕೊಟ್ಟಳು. "ನಾಲ್ಕು ವರ್ಷ ಆದ್ಮೇಲೆ ನೆನಪಾದ್ಲಾ ಅಕ್ಕ?" ನೀನು ಮನೆ ಬಿಟ್ಟ ದಿನ ಅಮ್ಮ "ನನ್ನ ಪಾಲಿಗೆ ನೀನಿಲ್ಲ" ಎಂದಾಗ ಬಾಗಿಲ ಸಂದಿಯಲ್ಲಿ ನಿಂತು ಸುಮ್ಮನಿದ್ದವನು ನಾನು.

ಅಮ್ಮ ಅದೇ ಲಾಂಡ್ರಿಯಲ್ಲಿದ್ದಳು, ಆಸ್ಪತ್ರೆಗಳ ಬಟ್ಟೆ ಒಗೆಯುವ ಕಡೆ, ಇಸ್ತ್ರಿ ರೋಲರಿನ ಮುಂದೆ. ಒದ್ದೆ ಚಾದರದ ಎರಡು ತುದಿ ಹಿಡಿದು ಬಿಸಿ ರೋಲರಿಗೆ ಕೊಡಬೇಕು, ಅದು ನುಂಗುವಷ್ಟರಲ್ಲಿ ಇನ್ನೊಂದು ಹಿಡಿದಿರಬೇಕು. ಇವತ್ತು ಮಡಿಚಿ ಕಳಿಸಿದ ಚಾದರ ನಾಲ್ಕು ದಿನಕ್ಕೆ ಮತ್ತೆ ಅವಳ ಕೈಗೇ ಬರುತ್ತದೆ. ಕೈ ಒಳಗೆ ಹೋಗದಂತೆ ತಡೆಯುವ ಜಾಲರಿಯೊಂದು ಆ ಯಂತ್ರಕ್ಕಿತ್ತು. ಕೆಲಸ ನಿಧಾನವಾಗುತ್ತದೆಂದು ಸೂಪರ್‌ವೈಸರ್ ಅದನ್ನು ಬಿಚ್ಚಿಸಿ ಗೋಡೆಗೆ ಒರಗಿಸಿ ಎಂಟು ತಿಂಗಳಾಗಿತ್ತು. ನಾನು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನಲ್ಲ, ಕರಪತ್ರ ಮಾಡಿ ಲಾಂಡ್ರಿಯ ಗೇಟಿನಲ್ಲಿ ಹಂಚತೊಡಗಿದ್ದು ಆ ಜಾಲರಿಗಾಗಿಯೇ.

ಹೆಂಗಸರು ಕರಪತ್ರ ಇಸಿದುಕೊಂಡು ಬ್ಯಾಗಿಗೆ ಹಾಕುತ್ತಿದ್ದರು, ಬಸ್ಸು ಹತ್ತಿದ ಕೂಡಲೇ ಫೋನು ತೆಗೆಯುತ್ತಿದ್ದರು. ಅರ್ಧಕ್ಕರ್ಧ ಜನರಿಗೆ ಅದೇ ಆಟ. ಅಮ್ಮನಂತೂ ಮನೆಗೆ ಬಂದು ಕೈಗೆ ಮುಲಾಮು ಹಚ್ಚಿ, ಗೋಡೆಗೆ ಒರಗಿ ಕೂತರೆ ಬೇರೆಯೇ ಹೆಂಗಸು. ಕತ್ತಲಾದರೆ ಬೆಳಗುವ ಕುಂಬಳಕಾಯಿ, ನೀರು ಹಾಕಿದವರಿಗೆ ತಲೆಬಾಗುವ ಬದನೆ ಗಿಡ, ಶಿಳ್ಳೆ ಹಾಕಿದರೆ ಮೋಡ ಹೊತ್ತು ತರುವ ಕಪ್ಪೆ. ನಾನು ಹಂಗಿಸುತ್ತಿದ್ದೆ, "ಕಪ್ಪೆ ಬಂದು ಜಾಲರಿ ಹಾಕ್ಸುತ್ತಾ?" ಎಂದು. ಅವಳು ತಲೆ ಎತ್ತದೆ, "ನಿನ್ನ ಕರಪತ್ರಕ್ಕಿಂತ ವಾಸಿ ಕಣೋ, ಅದು ಕರೆದ್ರೆ ಬರುತ್ತೆ" ಎನ್ನುತ್ತಿದ್ದಳು. ಒಮ್ಮೆ ಮಾತ್ರ ಗಂಭೀರವಾಗಿ ಹೇಳಿದಳು. "ಇಲ್ಲಿ ಸುಸ್ತಾದ್ರೆ ಗುದ್ದಲಿ ಮೇಲೇ ಏಳಲ್ಲ. ಬೊಂಬೆ ಆಕಳಿಸ್ಕೊಂಡು ಮನೆಗೆ ಹೋಗುತ್ತೆ. ಯಾಕೆ ಹೋದೆ ಅಂತ ಯಾರೂ ಕೇಳಲ್ಲ. ಬೆಳಿಗ್ಗೆ ನೋಡಿದ್ರೆ ನೆಟ್ಟಿದ್ದು ನೆಟ್ಟ ಹಾಗೇ ಇರುತ್ತೆ." ಆಗಲೇ ನಾನು ಕಿವಿಗೊಡಬೇಕಿತ್ತು. ನನ್ನ ಹದಿನಾರು ಕರಪತ್ರಗಳಲ್ಲಿ ಬೇಡಿದ್ದೂ ಅದನ್ನೇ ಅಲ್ಲವೇ? ಆದರೆ ಜನರನ್ನು ಮಲಗಿಸುವ ಮದ್ದು ಇದು ಎಂದು ಎಲ್ಲೋ ಓದಿದ್ದೆ, ಓದಿದ್ದನ್ನೇ ನಂಬಿದೆ.

ಕಳೆದ ಭಾನುವಾರ ನಾಲ್ಕು ಗಂಟೆಗೆ ನಮ್ಮ ಮನೆಯಲ್ಲಿ ಸಭೆ. ಹದಿನೇಳು ಜನ ಬರುತ್ತೇವೆಂದಿದ್ದರು, ಬಂದವರು ಮೂವರು. ಅಮ್ಮ ಒಳಕೋಣೆಯಿಂದ "ಇದೊಂದು ಸಾಲು ಕಿತ್ತು ಬಂದೆ" ಎನ್ನುತ್ತಲೇ ಇದ್ದಳು, ಬರಲಿಲ್ಲ. ಆ ಮೂವರೂ ಮುಖ ಮುಖ ನೋಡಿಕೊಂಡು ಎದ್ದರು. ಅವರನ್ನು ಬೀಳ್ಕೊಡಲು ಅಮ್ಮ ಬೀದಿಗೆ ಹೋದಾಗ ನಾನು ಅವಳ ಫೋನು ತೆಗೆದುಕೊಂಡೆ. ಅಳಿಸಲೇ ಎಂದು ಕೇಳಿತು, ಹೌದು ಎಂದು ಒತ್ತಿದೆ. ಆಟದಲ್ಲಿ ಪಕ್ಕದ ಜಮೀನು ಮಾಡುವ ನೆರೆಯವರಿಗೆ ತಿಳಿಸಲೇ ಎಂದು ಕೇಳಿತು. ನಗು ಬಂತು, ಅದಕ್ಕೂ ಹೌದು ಎಂದು ಒತ್ತಿದೆ. ಅಮ್ಮ ಬಂದು ನೋಡಿದಳು. ಬೈಯಲಿಲ್ಲ. "ಆಯ್ತು ಬಿಡು" ಎಂದಳು, ಅಷ್ಟೇ. ಮತ್ತೆ ಆಟ ಹಾಕಿಕೊಂಡಾಳೆಂದು ಫೋನನ್ನು ನನ್ನ ಜೇಬಿನಲ್ಲೇ ಇಟ್ಟುಕೊಂಡೆ.

ಸೋಮವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ರೋಲರು ಅವಳ ಬಲಗೈಯನ್ನು ಎಳೆದುಕೊಂಡಿತು. ಅಕ್ಕಾ, ನಾಲ್ಕು ಬೆರಳು ಹೋದವು. ಹೆಬ್ಬೆರಳು ಉಳಿದಿದೆ.

ಅದೇ ಸಂಜೆ ಜಾಲರಿ ಯಂತ್ರಕ್ಕೆ ಹತ್ತಿತು. ಅಪಘಾತದ ವರದಿಯಲ್ಲಿ "ಕೆಲಸದ ವೇಳೆ ಮೊಬೈಲ್ ಆಟದಲ್ಲಿ ಮಗ್ನರಾಗಿದ್ದರು" ಎಂದು ಸೂಪರ್‌ವೈಸರ್ ಬರೆದಿದ್ದಾನೆ. ಸಾಕ್ಷಿಗೆ ಏನು ಲಗತ್ತಿಸಿದ್ದಾನೆ ಗೊತ್ತೇ? ನನ್ನ ಕರಪತ್ರ. "ನಮ್ಮ ತಾಯಂದಿರು ಯಂತ್ರದ ಮುಂದೆಯೂ ಫೋನಿನ ಹೊಲ ಉಳುತ್ತಿದ್ದಾರೆ" ಎಂದು ಹೋದ ತಿಂಗಳು ನಾನೇ ಬರೆದಿದ್ದೆ. ಅಮ್ಮ ಯಂತ್ರದ ಮುಂದೆ ಒಂದು ದಿನವೂ ಫೋನು ಮುಟ್ಟಿದವಳಲ್ಲ. ವಾಕ್ಯಕ್ಕೆ ಬಿಸಿ ಬರಲಿ ಎಂದು ಬರೆದೆ. ಈ ವರದಿ ನಿಂತರೆ ತಪ್ಪು ಅವಳದೇ ಆಗುತ್ತದೆ. ಕೆಲಸವೂ ಇಲ್ಲ, ಪರಿಹಾರವೂ ಇಲ್ಲ. ಫೋನು ನನ್ನ ಜೇಬಿನಲ್ಲಿತ್ತು ಎಂದು ಕಾರ್ಮಿಕ ಕಚೇರಿಯಲ್ಲಿ ಹೇಳಿದೆ. ಅಲ್ಲಿನ ಅಧಿಕಾರಿ ಕರಪತ್ರ ಎತ್ತಿ ತೋರಿಸಿ, "ಇದನ್ನ ಬರೆದೋರೂ ನೀವೇ ತಾನೇ?" ಎಂದರು.

ನಿನ್ನೆ ಅಮ್ಮ ಬ್ಯಾಂಡೇಜು ನೋಡುತ್ತಾ ಹೇಳಿದಳು. "ಆಟದಲ್ಲಿ ಪಕ್ಕದ ಜಮೀನಿನೋಳು, ಮಿಂಚುಹುಳ ಅಂತ ಹೆಸರಿಟ್ಕೊಂಡೋಳು, ಏನಂದ್ಕೊಂಡ್ಳೋ. ನಿಮ್ಮ ಅಕ್ಕ ಕಣೋ ಅದು. ನಮ್ಮ ಹಿತ್ತಲಲ್ಲಿ ನೆಡ್ತಿದ್ದ ಹಾಗೇ ಪ್ರತಿ ಸಾಲಿನ ಕೊನೇಲಿ ಒಂದು ಗುಂಡಿ ಖಾಲಿ ಬಿಡೋಳು ಬೇರೆ ಯಾರಿದಾರೆ? ನಂಗೆ ಗೊತ್ತು ಅಂತ ಅವಳಿಗೆ ಗೊತ್ತಿಲ್ಲ. ಗೊತ್ತಾದ್ರೆ ಬರೋದು ಬಿಟ್ಟುಬಿಡ್ತಾಳೆ ಅಂತ ಸುಮ್ನಿದ್ದೆ." ಮೂರು ವರ್ಷ ನೀವಿಬ್ಬರೂ ಒಬ್ಬರ ಗಿಡಕ್ಕೊಬ್ಬರು ನೀರು ಹಾಕಿದ್ದೀರಿ, ಅಕ್ಕಾ. ನಾನು ಆ ಬೇಲಿಯನ್ನೇ ಕಿತ್ತೆ. ಭಾನುವಾರ ಆಟದಲ್ಲಿ ನಿನಗೆ ಬಂದ ಆ ಸುದ್ದಿ ಅಮ್ಮ ಕಳಿಸಿದ್ದಲ್ಲ, ನಾನು ಒತ್ತಿದ್ದು. ಅವಳು ಎರಡನೇ ಸಲ ನಿನ್ನನ್ನು ದೂಡಿಲ್ಲ.

ಆರೋಗ್ಯ ನೋಡಿಕೋ. ದೊಡ್ಡವಳು ನೀನು, ಕ್ಷಮಿಸುವುದೂ ಬೈಯುವುದೂ ನಿನಗೆ ಬಿಟ್ಟದ್ದು.

ನಿನ್ನ ತಮ್ಮ,
ನೀನು ಕರೆಯುತ್ತಿದ್ದ ಹಾಗೆ, ಗುಡುಗು

ತಾ.ಕ.: ನರ್ಸ್ ಕರೆಯುತ್ತಿದ್ದಾರೆ, ಬೇಗ ಬರೆಯುತ್ತೇನೆ. "ನೆರೆಯವರು ಊರು ಬಿಟ್ಟಿದ್ದಾರೆ" ಎಂದು ಬಂದಿರುವ ಆ ಸುದ್ದಿಯನ್ನು ಅಳಿಸಬೇಡ. ಅದರ ಕೆಳಗೆ ಭಾನುವಾರದ ತಾರೀಕು, ಗಂಟೆ ಇರುತ್ತದೆ. ಸೋಮವಾರ ಆಡಲು ಅವಳಿಗೆ ಜಮೀನೇ ಇರಲಿಲ್ಲ ಎನ್ನಲು ಈಗ ಇರುವುದು ನಿನ್ನ ಫೋನು ಒಂದೇ. ವಿಚಾರಣೆ ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ. ಕರಪತ್ರದಲ್ಲಿ ಸುಳ್ಳು ಬರೆದೆ ಎಂದು ಎಲ್ಲರೆದುರು ನಾನು ಹೇಳುತ್ತೇನೆ, ನೀನು ಫೋನು ತೋರಿಸು. ನಿನಗೆ ಬರೆದದ್ದನ್ನು ಅಮ್ಮನಿಗೆ ಹೇಳಿಲ್ಲ, ನೀನು ಬಾರದೆ ಹೋದರೆ ಎಂಬ ಹೆದರಿಕೆ. ಅವಳನ್ನು ಕರೆದುಕೊಂಡು ಕಾರ್ಮಿಕ ಕಚೇರಿಯ ಮೆಟ್ಟಿಲ ಬಳಿ ನಿಂತಿರುತ್ತೇನೆ. ಗುರುವಾರ, ಮಾರ್ಚ್ ೧೨, ಬೆಳಿಗ್ಗೆ ಹತ್ತೂವರೆ.