ನುನೊಗೆ ನಾಲ್ಕು ಮೇಜರ್‌ಗಳ ಪಾಠ

ಕಿಲ್‌ಬ್ರೇ, ಸ್ಕಾಟ್ಲೆಂಡ್
೫ ಮೇ ೧೯೯೮

ಪ್ರೀತಿಯ ರೋನಾ,

ನಿನ್ನ ಕೆಮ್ಮು ಹೋಯಿತೇ? ಪೋರ್ಟೊದ ಬಿಸಿಲಿಗೂ ಹೋಗದ ಕೆಮ್ಮಾದರೆ ಡಾಕ್ಟರಿಗೆ ತೋರಿಸು. ನಾನು ಹೇಗಿದ್ದೆನೋ ಹಾಗೇ ಇದ್ದೇನೆ. ನಿಮ್ಮಪ್ಪನನ್ನಂತೂ ಕೇಳಲೇಬೇಡ, ಜುಲೈನಲ್ಲಿ ಗಾಲ್ಫಿನ ಓಪನ್ ಪಂದ್ಯ ನಮ್ಮೂರಿಗೆ ಬರುತ್ತದೆಂದು ಗೊತ್ತಾದಾಗಿನಿಂದ ಅವರ ಕಾಲು ನೆಲದ ಮೇಲಿಲ್ಲ. ಹದಿನಾಲ್ಕನೆಯ ಕುಳಿಯ ಬಳಿ ನಿಂತು, ಆಟಗಾರ ಕೋಲೆತ್ತಿದಾಗ ಎರಡೂ ಕೈ ಮೇಲೆತ್ತಿ ಜನರನ್ನು ಸುಮ್ಮನಿರಿಸುವ ಕೆಲಸ ಸಿಕ್ಕಿದೆ. ಸಂಬಳವಿಲ್ಲ, ಒಂದು ಟೋಪಿ ಕೊಡುತ್ತಾರಂತೆ. ಮನೆಯಲ್ಲಿ ಒಂದು ನಿಮಿಷ ಬಾಯಿ ಮುಚ್ಚದ ಮನುಷ್ಯ!

ನಿನ್ನ ನುನೊ ತನ್ನ ಭಾವೀ ಮಾವನ ಮುಂದೆ ಪೆದ್ದನಾಗದಂತೆ ಗಾಲ್ಫ್ ಬಗ್ಗೆ ಒಂದಿಷ್ಟು ಬರೆದು ಕಳಿಸು ಅಂದಿದ್ದೀಯ. ಸರಿ, ಓದಿ ಹೇಳು. ಬೆಳೆದ ಗಂಡಸರು ಚೆಂಡನ್ನು ಬೇಕೆಂತಲೇ ದೂರ ಹೊಡೆದು, ಆಮೇಲೆ ಅದನ್ನೇ ಹುಡುಕಿಕೊಂಡು ಹೋಗುವ ಆಟ ಇದು. ವರ್ಷವಿಡೀ ಪಂದ್ಯಗಳು ನಡೆದರೂ ಲೆಕ್ಕಕ್ಕೆ ಬರುವುದು ನಾಲ್ಕೇ. ಅವುಗಳಿಗೆ ಮೇಜರ್ ಅನ್ನುತ್ತಾರೆ. ಒಂದೊಂದೂ ನಾಲ್ಕು ದಿನ, ದಿನಕ್ಕೆ ಹದಿನೆಂಟು ಕುಳಿಗೆ ಚೆಂಡು ಬೀಳಿಸಬೇಕು, ಕಡಿಮೆ ಹೊಡೆತದಲ್ಲಿ ಮುಗಿಸಿದವನು ಗೆದ್ದ. ಎರಡು ದಿನವಾದ ಮೇಲೆ ಹಿಂದೆ ಬಿದ್ದವರನ್ನು ಮನೆಗೆ ಅಟ್ಟುತ್ತಾರೆ. ಈ ಆಟದಲ್ಲಿ ನನಗೆ ಹಿಡಿಸಿದ ನಿಯಮ ಅದೊಂದೇ.

ಏಪ್ರಿಲ್‌ನಲ್ಲಿ ಮಾಸ್ಟರ್ಸ್, ಅಮೆರಿಕದ ಅಗಸ್ಟಾದಲ್ಲಿ. ಗೆದ್ದವನಿಗೆ ಹಸಿರು ಕೋಟು ತೊಡಿಸುತ್ತಾರೆ, ಕಿಟಕಿಯ ಪರದೆಗೂ ನಾನು ಒಪ್ಪದ ಬಣ್ಣ; ಅದಕ್ಕಾಗಿ ಗಂಡಸರು ಗಳಗಳ ಅಳುತ್ತಾರೆ. ಜೂನ್‌ನಲ್ಲಿ ಯು.ಎಸ್. ಓಪನ್: ಹುಲ್ಲನ್ನು ಬೇಕೆಂದೇ ಉದ್ದ ಬೆಳೆಸಿ, ಅದರಲ್ಲಿ ಒದ್ದಾಡುವವರನ್ನು ನೋಡಿ ಸಂತೋಷಪಡುವುದು. ಆಗಸ್ಟ್‌ನಲ್ಲಿ ಪಿ.ಜಿ.ಎ., ಅದೂ ಅಮೆರಿಕದ್ದೇ. "ಹೂಂ, ಅದೂ ಒಂದಿದೆ ಬಿಡು" ಅನ್ನುತ್ತಾರೆ ನಿಮ್ಮಪ್ಪ. ನುನೊ ಕೂಡ ಅಷ್ಟೇ ಅಂದರೆ ಜಾಣ ಅನ್ನಿಸಿಕೊಳ್ಳುತ್ತಾನೆ. ಜುಲೈನದು ನಮ್ಮದು, ಎಲ್ಲಕ್ಕಿಂತ ಹಳೆಯದು, ವರ್ಷಕ್ಕೊಂದು ಊರಿನಲ್ಲಿ ನಡೆಯುತ್ತದೆ. ಬಹುಮಾನ ಒಂದು ಬೆಳ್ಳಿ ಹೂಜಿ. ಅದನ್ನು ಬರೀ 'ಓಪನ್' ಅನ್ನಬೇಕು. ನನ್ನ ತಂಗಿಯ ಗಂಡ ನಮ್ಮ ಊಟದ ಮೇಜಿನಲ್ಲಿ ಒಮ್ಮೆ 'ಬ್ರಿಟಿಷ್ ಓಪನ್' ಅಂದ. ಇಪ್ಪತ್ತು ವರ್ಷವಾಯಿತು, ನಿಮ್ಮಪ್ಪ ಅವನಿಗೆ ಉಪ್ಪಿನ ಡಬ್ಬಿಯನ್ನೂ ದಾಟಿಸುವುದಿಲ್ಲ.

ಇನ್ನೊಂದು ಹುಚ್ಚು ಕೇಳು. ಆಟಗಾರನ ಅಂಕವನ್ನು ಜೊತೆಗಾರ ಬರೆಯುತ್ತಾನೆ, ಆಡಿದವನು ಸಹಿ ಹಾಕುತ್ತಾನೆ. ಐದು ಹೊಡೆದ ಕಡೆ ನಾಲ್ಕು ಎಂದು ಬರೆದಿದ್ದು, ನೋಡದೆ ಸಹಿ ಹಾಕಿದರೆ ಪಂದ್ಯದಿಂದಲೇ ಹೊರಗೆ. ಪಕ್ಕದ ಬೀದಿಯ ಮರ್ಡೊ, ಓಪನ್‌ಗೆ ಆಯ್ಕೆಯಾಗುವ ಪಂದ್ಯದಲ್ಲಿ ಹೀಗೇ ಹೊರಬಿದ್ದ. ಅವನು ಗೋಡೆಗೆ ಮುಖ ಮಾಡಿ ಅಳುತ್ತಿದ್ದರೆ ನಿಮ್ಮಪ್ಪ, "ನಿಯಮ ಅಂದ್ರೆ ನಿಯಮ ಕಣೇ, ಎಂಥಾ ಆಟ ನೋಡು!" ಎಂದು ಎದೆಯುಬ್ಬಿಸಿದರು.

ಇನ್ನು ನಿನ್ನ ಮದುವೆ. ಪೋರ್ಟೊದಲ್ಲಿ ನೀವು ಗೊತ್ತುಮಾಡಿದ ಜುಲೈ ಹದಿನೆಂಟು ನಮ್ಮೂರ ಪಂದ್ಯದ ಮೂರನೆಯ ದಿನ. ಫೋನಿನಲ್ಲಿ ನಿನಗೆ ಹೇಳಿದ್ದನ್ನೇ ನಿಮ್ಮಪ್ಪ ನನಗೂ ಹೇಳಿದರು: "ಮದ್ವೆ ಯಾವಾಗ ಬೇಕಾದ್ರೂ ಆಗುತ್ತೆ, ಓಪನ್ ಮತ್ತೆ ಯಾವಾಗ ಬರುತ್ತೋ!" ಅಪ್ಪ ಕೈಹಿಡಿದು ಚರ್ಚಿನೊಳಗೆ ಕರೆದುಕೊಂಡು ಹೋಗದ ಮದುವೆ ಎಂಥದ್ದು, ಸೆಪ್ಟೆಂಬರ್‌ಗೆ ಮುಂದೂಡಲೇ ಎಂದು ಕೇಳಿದ್ದೀಯ. ಆ ಸಾಲನ್ನು ಅವರಿಗೆ ಓದಿದೆ. "ಸೆಪ್ಟೆಂಬರೇ ವಾಸಿ, ಬಿಸಿಲೂ ಕಮ್ಮಿ" ಅಂದರು. ಬಿಸಿಲಂತೆ ಬಿಸಿಲು!

ಅಂಚೆ ಹೊರಡುವ ಹೊತ್ತಾಯಿತು. ನುನೊಗೂ ಅವನ ತಾಯಿಗೂ ನನ್ನ ನಮಸ್ಕಾರ ತಿಳಿಸು. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿ ಇಟ್ಟಿರಲಿ, ಗಾಲ್ಫಿನಿಂದ ದೂರ ಇಟ್ಟಿರಲಿ.

ನಿನ್ನ ಅಮ್ಮ,
ಇಶ್ಬೆಲ್

ಮರೆತೆ: ತಾರೀಖು ಬದಲಿಸಬೇಡ. ನಮ್ಮ ಮದುವೆಯೂ ಮೊದಲು ಜುಲೈಗೇ ಗೊತ್ತಾಗಿತ್ತು. ಆ ವರ್ಷವೂ ಓಪನ್ ಇಲ್ಲಿಗೇ ಬಂತು, ನಿಮ್ಮಪ್ಪ ಗೋಗರೆದರು, ನಾನು ಪೆದ್ದಿ, ಸೆಪ್ಟೆಂಬರ್‌ಗೆ ಒಪ್ಪಿಕೊಂಡೆ. ನನ್ನಪ್ಪ ಆಗಸ್ಟ್‌ನಲ್ಲಿ ತೀರಿಕೊಂಡರು. ಮದುವೆಗೆಂದು ಹೊಸ ಬೂಟು ತೆಗೆದಿಟ್ಟಿದ್ದರು, ಅದನ್ನೇ ತೊಡಿಸಿ ಮಣ್ಣು ಮಾಡಿದೆವು. ಚರ್ಚಿನೊಳಗೆ ನಾನು ಒಬ್ಬಳೇ ನಡೆದೆ. ಅದಕ್ಕೆ ನಿಮ್ಮಪ್ಪನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ನನ್ನನ್ನೂ. ಮದುವೆಗೆ ಎರಡು ದಿನ ಮುಂಚಿನ ಗುರುವಾರದ ವಿಮಾನಕ್ಕೆ ಒಂದೇ ಟಿಕೆಟ್ ತೆಗೆದಿದ್ದೇನೆ, ಅವರಿಗೆ ಇನ್ನೂ ಹೇಳಿಲ್ಲ. ನಿನ್ನ ಕೈ ಹಿಡಿದು ನಾನು ನಡೆಯುತ್ತೇನೆ.