ಅಮ್ಮನ ನೆನಪಿನ ಬೋರ್ಸೋಕ್

ಗುರುವಾರ, ನವೆಂಬರ್ ೧೪, ನಾರಿನ್.

ಸಿಟ್ಟು ಇನ್ನೂ ಇಳಿದಿಲ್ಲ. ಅಮ್ಮ ಮಣ್ಣಾದ ಮೇಲೆ ಮೊದಲ ಸಲ ಬೋರ್ಸೋಕ್, ಅಮ್ಮನ ಮುಸ್ಲಿಂ ಮನೆತನದಲ್ಲಿ ಸತ್ತವರ ನೆನಪಿಗೂ ಮಾಡುವ ಹಿಟ್ಟಿನ ತಿಂಡಿ, ಕರಿದು, ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಚಹಾದ ಜೊತೆ ತಿನ್ನಲಿ ಎಂದು ಸಭೆಗೆ ಒಯ್ದಿದ್ದೆ. ಪಾಸ್ಟರ್ ಉಲಾನ್ ತಟ್ಟೆಯನ್ನೇ ಆಚೆ ತಳ್ಳಿದರು.

"ಸತ್ತೋರಿಗೆ ಎಣ್ಣೆ ವಾಸನೆ ಮುಟ್ಟಿಸೋ ತಿಂಡಿ ಇದು. ಹೊರಗಿಡು ತಂಗಿ."

"ವಾಸನೆ ಮುಟ್ಟುತ್ತೆ ಅಂತ ನಾನೂ ನಂಬಲ್ಲ. ಅಮ್ಮನ ನೆನಪಾಯ್ತು, ಮಾಡ್ದೆ."

"ಇವತ್ತು ಬೋರ್ಸೋಕ್. ನಾಳೆ ಮುಲ್ಲಾನ ಕರೀತೀಯ."

ಕ್ರಿಸ್‌ಮಸ್ ಮರ ನಿಲ್ಲಿಸುವಾಗ ಅದು ಯಾರ ಪದ್ಧತಿ ಎಂದು ಈ ಮಹಾಶಯರು ಕೇಳಿದ್ದನ್ನು ನಾನು ಕಾಣೆ. ಯೇಸುವನ್ನು ನಂಬಿದ್ದಕ್ಕೆ ಅಮ್ಮನನ್ನು ಮರೆಯಬೇಕೇ?

ಭಾನುವಾರ ಕರ್ತನ ಭೋಜನಕ್ಕೆ ರೊಟ್ಟಿ ಸುಡುವ ಸರದಿ ನನ್ನದೇ. ಅದೇ ಹಿಟ್ಟು, ಅದೇ ಕೈ. ರೊಟ್ಟಿ ಮುರಿದು ತನ್ನನ್ನು ನೆನೆಯಲು ಹೇಳಿದ ಯೇಸುವಿಗಾದರೂ ಈ ಸಿಟ್ಟು ಅರ್ಥವಾಗಬೇಕು.