ಒಂದೊರಳು ಖಾರ

ಮಾವ,

ತೀರ್ಥರೂಪ ಸಮಾನರಾದ ಮಾವನವರ ಪಾದಗಳಿಗೆ ಎಂದು ಶುರು ಮಾಡಿದ್ದೆ. ಅದನ್ನು ಹೊಡೆದುಹಾಕಿ ಬರೀ ಮಾವ ಎಂದು ಬರೆದಿದ್ದೇನೆ. ಈ ಕಡೆ ನಾನು ಕ್ಷೇಮ. ಆ ಕಡೆ ನಿನ್ನ ಕ್ಷೇಮ ವಿಚಾರಿಸುವ ಹಾಗಿಲ್ಲ, ನೀನು ಹೋಗಿ ಎರಡು ವರ್ಷವಾಯಿತು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಅಮ್ಮ ಹೇಳುತ್ತಲೇ ಇರುತ್ತಾಳೆ. ನಿನ್ನ ಅಕ್ಕ ಅವಳು, ಹಾಗಲ್ಲದೆ ಇನ್ನು ಹೇಗೆ ಹೇಳಿಯಾಳು? ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಹೋದ ವಾರ ನನಗೆ ತಿಪ್ಪಮ್ಮ ಸಿಕ್ಕಿದ್ದಳು. ಅದನ್ನು ನಿನಗಲ್ಲದೆ ಯಾರಿಗೆ ಹೇಳಲಿ? ಆದರೆ ಅದಕ್ಕೆ ಮುಂಚೆ ನಿನ್ನ ಮುಖದ ಮೇಲೆ ಹೇಳಬೇಕಾಗಿದ್ದು, ಹೇಳದೆ ಉಳಿದದ್ದು ಒಂದಷ್ಟಿದೆ.

ನೀನು ನನ್ನನ್ನು ಕೇಳಿಕೊಂಡು ಬಂದ ದಿನ ನಾನು ಹಿತ್ತಲಲ್ಲಿ ಅಕ್ಕಿ ಆರಿಸುತ್ತಿದ್ದೆ. ಎಸ್ಸೆಸ್ಸೆಲ್ಸಿ ಎರಡನೇ ಸಲ ಕೈಕೊಟ್ಟಿತ್ತು. "ಅಕ್ಕ, ಇವಳ ಬಾಯಿ ಸುಮ್ನೆ ಮನ್ಯಾಗೆ ಹಾಳಾಗ್ತೈತೆ, ನನಗೆ ಕೊಡು" ಎಂದೆ. ಅಪ್ಪ ಮೂರು ದಿನ ಮಾತು ಬಿಟ್ಟರು. ಹೆಣ್ಣುಮಗಳು ಜಟಕಾದಲ್ಲಿ ಕುಳಿತು ಮೈಕು ಹಿಡಿಯುವುದೆಂದರೆ ಆಗ ಚಿತ್ರದುರ್ಗದಲ್ಲಿ ಸಣ್ಣ ಮಾತೇ? ಸಂತೆಹೊಂಡದ ಹತ್ತಿರ ಸೈಕಲ್ ಅಂಗಡಿಯ ಮಹಡಿ ಮೇಲೆ ನಿನ್ನ ಒಂದೇ ಕೋಣೆ. ಬೋರ್ಡು ಮಾತ್ರ ಕೋಣೆಗಿಂತ ದೊಡ್ಡದು: ಪ್ರಚಾರ ಏಜೆನ್ಸಿ, ಮೈಕು, ಕರಪತ್ರ, ಟಾಕೀಸು ಸ್ಲೈಡು, ಗೋಡೆ ಬರಹ. ಮೊದಲ ದಿನ ನಾನು ಗಂಟಲು ಹರಿಯುವ ಹಾಗೆ ಕೂಗಿದೆ. ನೀನು ಬ್ಯಾಟರಿಯ ವೈರು ಕಿತ್ತುಬಿಟ್ಟೆ. "ಕೂಗಾಕೆ ಮೈಕು ಐತೆ, ನೀನು ಯಾಕೆ ಕೂಗ್ತಿ? ಪಕ್ಕದ ಮನೇರ ಜತಿಗೆ ಮಾತಾಡ್ದಂಗೆ ಮಾತಾಡು." ನಾನು ಇವತ್ತು ತಿನ್ನುತ್ತಿರುವ ಅನ್ನ ಆ ಒಂದು ಮಾತಿನದು. ಅದನ್ನು ಇಲ್ಲ ಎನ್ನುವುದಿಲ್ಲ.

ಹಿರಿಯೂರಿನ ಆ ಮಂಡಕ್ಕಿ ಅಂಗಡಿ ನೆನಪಿದೆಯೇ? ಮಾಲೀಕ ಮುಂಗಡ ಹಿಡಿದುಕೊಂಡು ನಿಂತಿದ್ದ, ನೀನು ಮುಟ್ಟಲಿಲ್ಲ. "ಮೊದ್ಲು ತಿಂತೀವಿ, ಆಮ್ಯಾಕೆ ಮಾತು" ಎಂದು ಬೆಂಚಿನ ಮೇಲೆ ಕುಳಿತೆ. ಅದೇ ನಮ್ಮ ಏಜೆನ್ಸಿಯ ಕಟ್ಟಳೆಯಾಗಿತ್ತು. ತಿಂದು ನೋಡದ ಹೋಟೆಲನ್ನು, ಹೊದ್ದು ನೋಡದ ಕಂಬಳಿಯನ್ನು, ಕುಡಿದು ನೋಡದ ಸೋಡಾವನ್ನು ನಾವು ಸಾರುವ ಹಾಗಿರಲಿಲ್ಲ. ನೀನು ಮೊದಲ ತುತ್ತಿಗೆ ಕಣ್ಣು ಮುಚ್ಚುತ್ತಿದ್ದೆ. ಆಮೇಲೆ ಹಳೇ ಕರಪತ್ರದ ಬೆನ್ನಿನ ಮೇಲೆ ಎರಡೇ ಎರಡು ಸಾಲು ಗೀಚುತ್ತಿದ್ದೆ. ಹೊಳಲ್ಕೆರೆಯ ಗೋಲಿ ಸೋಡಾಕ್ಕೆ ಬರೆದದ್ದು: "ಗೋಲಿ ಒತ್ತಿ ನೋಡಿ, ಪಕ್ಕದ ಬೀದಿಯವರು ತಿರುಗಿ ನೋಡದಿದ್ದರೆ ನಮ್ಮನ್ನು ಕೇಳಿ." ದುರ್ಗದ ಕಂಬಳಿ ಅಂಗಡಿಗೆ: "ಈ ಕಂಬಳಿ ಚುಚ್ಚುತ್ತದೆ. ಮೆತ್ತಗಿನದು ಬೇಕಾದವರು ಬೇರೆ ಕಡೆ ಹೋಗಬಹುದು, ಚಳಿಯಾದಾಗ ವಾಪಸು ಬರಬಹುದು." ಅಂಗಡಿಯವನು ಬಾಯಿ ಬಾಯಿ ಬಡಿದುಕೊಂಡ. ಎರಡೇ ವಾರದಲ್ಲಿ ಅವನ ಕಪಾಟು ಖಾಲಿಯಾಯಿತು.

ಏನು ಸುಖದ ದಿನಗಳವು! ಭೀಮಸಮುದ್ರದಲ್ಲಿ ಹುರಿದ ಶೇಂಗಾ ಕೊಂಡು ಜಟಕಾದ ತುಂಬ ಸಿಪ್ಪೆ ಹರಡುತ್ತಿದ್ದೆವು. ಜವನಗೊಂಡನಹಳ್ಳಿಯ ಚಹಾದಂಗಡಿಯಲ್ಲಿ ಒಗ್ಗರಣೆ ಮಂಡಕ್ಕಿಗೆ ಹಸಿಮೆಣಸಿನಕಾಯಿ ಹೆಚ್ಚಾಯಿತೆಂದು ನೀನು ಕಣ್ಣಲ್ಲಿ ನೀರು ಸುರಿಸುತ್ತಲೇ ಇನ್ನೊಂದು ತಟ್ಟೆ ತರಿಸಿದ್ದೆ. "ಮೈಕಿನ ಹುಡುಗಿ ಹೇಳಿದ್ಲು ಅಂದ್ರೆ ನಿಜಾನೇ ಇರ್ತೈತೆ" ಎಂದು ಸಂತೆಗಳಲ್ಲಿ ಜನ ಅನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ದಿನ ನಾನು ಊಟ ಮಾಡದಿದ್ದರೂ ಹೊಟ್ಟೆ ತುಂಬಿರುತ್ತಿತ್ತು.

ಆಮೇಲೆ ತಿಪ್ಪಮ್ಮ.

ಹೊಸದುರ್ಗದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳ ಮನೆ ಎಂದು ನಮಗೆ ತೋರಿಸಿದವನು ಮಾಡದಕೆರೆ ಕಡೆಯ ಒಬ್ಬ ಕುರಿ ಸಾಕುವ ಅಜ್ಜ. ಬೋರ್ಡಿಲ್ಲ, ಬೆಂಚಿಲ್ಲ. ಜಗಲಿಯ ಮೇಲೆ ಮುತ್ತುಗದ ಎಲೆ. ಮುದ್ದೆ, ಹುರುಳಿಕಾಳಿನ ಸಾರು, ಅಷ್ಟೇ. ಮುದ್ದೆಯ ನಡುವೆ ಬೆರಳಿನಿಂದ ಗುಳಿ ಮಾಡಿ ಅವಳು ಸಾರು ಬಿಟ್ಟಳು. ನೀನು ಕಣ್ಣು ಮುಚ್ಚಿದವನು ಎಷ್ಟು ಹೊತ್ತಾದರೂ ತೆರೆಯಲಿಲ್ಲ. "ಏನಪ್ಪ, ಉಣ್ಣಾಕೆ ಬಂದ್ಯೋ ನಿದ್ದೆ ಮಾಡಾಕೆ ಬಂದ್ಯೋ?" ಎಂದು ಅವಳು ಕೇಳಿದಳು. ದಿನಕ್ಕೆ ಒಂದು ಒರಳು ಖಾರ ರುಬ್ಬುತ್ತಿದ್ದಳು, ತಾನೇ, ಬೆಳಿಗ್ಗೆ. ಆ ಖಾರ ಎಷ್ಟು ಜನರ ಸಾರಿಗೆ ಸಾಲುತ್ತದೋ ಅಷ್ಟು ಜನಕ್ಕೆ ಊಟ. ಮುಗಿದ ಮೇಲೆ ತಹಸೀಲ್ದಾರರು ಬಂದು ನಿಂತರೂ ಬಾಗಿಲು ಮುಂದಕ್ಕೆ. ಸಂತೆಗೆ ಬರುವ ಕುರಿಗಾಹಿಗಳು, ಕೂಲಿ ಮಾಡುವ ಹೆಂಗಸರು, ಅವರೇ ಅವಳ ಗಿರಾಕಿಗಳು. ಅವರಿಗೂ ಆ ಲೆಕ್ಕ ಗೊತ್ತಿತ್ತು, ಬೇಗ ಬಂದು ಕೂರುತ್ತಿದ್ದರು.

ನೀನು ಯಾರೆಂದು ಗೊತ್ತಾದದ್ದೇ ಅವಳ ಮುಖ ಸಣ್ಣಗಾಯಿತು. "ನನ್ನೆಸ್ರು ನಿನ್ ಮೈಕಿಗೆ ಹಾಕ್‌ಬ್ಯಾಡ ಕಣಪ್ಪ. ನನ್ನ ಒರಳು ಇರಾದೇ ಇಷ್ಟು" ಎಂದು ಎರಡು ಅಂಗೈ ಕೂಡಿಸಿ ತೋರಿಸಿದಳು. ನೀನು ಎಲೆಯ ಮೇಲಿನ ಮುದ್ದೆ ಮುಟ್ಟಿ, "ಇಲ್ಲ ಕಣವ್ವ, ಉಣ್ಣೋ ಎಲೆ ಮುಂದೆ ಹೇಳ್ತಿದೀನಿ, ಹಾಕಲ್ಲ" ಎಂದೆ. ನಾನು ಪಕ್ಕದಲ್ಲೇ ಕುಳಿತಿದ್ದೆ, ಮಾವ. ನನ್ನ ಎರಡು ಕಿವಿಯಿಂದ ಕೇಳಿದ್ದೇನೆ.

ನೀನು ಮೂರು ತಿಂಗಳು ತಡೆದುಕೊಂಡೆ. ಅಷ್ಟಕ್ಕೆ ನಿನ್ನನ್ನು ಮೆಚ್ಚಬೇಕೋ ಏನೋ. ಆವತ್ತು ಹೊಸದುರ್ಗದ ಸಂತೆಯಲ್ಲಿ ಬಟ್ಟೆ ಅಂಗಡಿಯ ಪ್ರಚಾರ ಮುಗಿಸಿ ನಾನು ನೀರು ಕುಡಿಯುತ್ತಿದ್ದೆ. ನೀನು ಜೇಬಿನಿಂದ ಮಡಿಸಿದ ಕಾಗದ ತೆಗೆದು ಇದನ್ನೂ ಓದು ಎಂದೆ. ನೋಡಿದರೆ ತಿಪ್ಪಮ್ಮನ ಹೆಸರು. ಕಾಗದದ ಮಡಿಕೆ ಹರಿಯುವಷ್ಟು ಹಳೆಯದಾಗಿತ್ತು. ಎಷ್ಟು ದಿನದಿಂದ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದ್ದೆಯೋ... "ಅವ್ಳು ಬ್ಯಾಡ ಅಂದಿದ್ಲಲ್ಲ ಮಾವ" ಎಂದೆ. "ಲೇ ಹುಚ್ಚಿ, ಅಂಥ ರುಚಿ ಒಂದು ಓಣ್ಯಾಗೆ ಮುಚ್ಚಿಟ್ರೆ ನಮ್ಮ ಏಜೆನ್ಸಿ ಯಾಕಿರಬೇಕು? ಅವಳತ್ರ ಒಂದು ಪೈಸಾನೂ ತಗೊಳಲ್ಲ ನಾನು. ಓದು" ಎಂದೆ. ಪೈಸೆ ತೆಗೆದುಕೊಳ್ಳದಿದ್ದರೆ ಅದು ಉಪಕಾರವಾಗಿಬಿಡುತ್ತದೆ ಎಂದು ನಿನಗೆ ಯಾರು ಹೇಳಿಕೊಟ್ಟರು?

ನಾನು ಓದಿದೆ. ಚೆನ್ನಾಗಿಯೇ ಓದಿದೆ. ಬರೆದದ್ದು ನೀನು, ಬಾಯಿ ನನ್ನದು. ಅದನ್ನು ಮರೆತು ಈ ಕಾಗದ ಬರೆಯುತ್ತಿಲ್ಲ. "ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಬ್ಬ ತಾಯಿ ಇದ್ದಾಳೆ. ನಿಮ್ಮ ಅವ್ವನ ಕೈಯ ಸಾರು ಮರೆತಿದ್ದರೆ ಒಂದು ಸಲ ಹೋಗಿ ಬನ್ನಿ." ಇಂಥ ಸಾಲು ಓದುವಾಗ ದನಿ ತಾನಾಗಿಯೇ ತಗ್ಗುತ್ತದೆ. ಸಂತೆಯಲ್ಲಿ ಸೊಪ್ಪು ಮಾರುವವಳೂ ಕೈ ನಿಲ್ಲಿಸಿ ಕೇಳಿದಳು. ನಾನು ಅದನ್ನು ನೋಡಿ ಹಿಗ್ಗಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಮುಂದಿನ ಸಂತೆಯ ಹೊತ್ತಿಗೆ ಓಣಿಯ ತುಂಬ ಜನ. ಕಂಡಕ್ಟರುಗಳು, ಆಫೀಸಿನವರು, ದುರ್ಗದಿಂದ ಕಾರು ಮಾಡಿಕೊಂಡು ಬಂದವರು. ಬಂದವರನ್ನು ಉಣ್ಣದೆ ಕಳಿಸುವುದು ಅವಳಿಂದಾಗಲಿಲ್ಲ. ದೂರದಿಂದ ಬಂದಿದ್ದೇವೆ ತಾಯಿ ಎಂದು ಅವರೂ ಬಾಗಿಲು ಬಿಟ್ಟು ಕದಲಲಿಲ್ಲ. ನಾದಿನಿ ಬಂದು ಸೇರಿದಳು, ಮೈದುನ ಬೆಂಚು ತಂದ, ಒಲೆ ಎರಡಾಯಿತು. ಖಾರ ಗಿರಣಿಗೆ ಹೋಯಿತು. ನಾನು ಹೋದ ದಿನ ಮಾಡದಕೆರೆ ಅಜ್ಜ ಕೋಲು ಊರಿಕೊಂಡು ಹೊರಗೆ ನಿಂತಿದ್ದ. ಒಳಗೆ ಬೆಂಚಿನ ಮೇಲೆ ಜಾಗವಿರಲಿಲ್ಲ. "ಹೋಗಾಣ ಬಿಡವ್ವ, ದೊಡ್ಡೋರು ಕುಂತವ್ರೆ" ಎಂದು ಹೇಳಿ ಹೊರಟುಹೋದ. ನಾನು ಕಾದು ಉಂಡೆ. ಸಾರಿನಲ್ಲಿ ನೀರಿತ್ತು, ಬಣ್ಣವಿತ್ತು, ಬೇರೇನೂ ಇರಲಿಲ್ಲ. ತಿಪ್ಪಮ್ಮ ಬಡಿಸುತ್ತ ಬಂದವಳು ನನ್ನ ಮುಂದೆ ನಿಂತಳು. "ನಿನ್ನ ದನಿ ಕೇಳ್ದೆ ಕಣವ್ವ. ಒರಳ ಮುಂದೆ ಕುಂತಿದ್ದೆ, ಗುಂಡು ಕೈಯಾಗೇ ಇತ್ತು" ಎಂದಳು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಬೈಯಲಿಲ್ಲ.

ಆರು ತಿಂಗಳು ಕಳೆಯುವುದರೊಳಗೆ ಜನವೇ ಅಂದರು, ಬರೀ ಮೈಕಿನ ಬಡಾಯಿ, ಅಲ್ಲೇನೂ ಇಲ್ಲ ಎಂದು. ಕಾರಿನವರು ಬರುವುದು ನಿಂತಿತು. ಹಳಬರು ಅಷ್ಟರಲ್ಲಿ ಬೇರೆ ಜಗಲಿ ಹುಡುಕಿಕೊಂಡಿದ್ದರು. ಒಂದು ದಿನ ಬಾಗಿಲಿಗೆ ಬೀಗ. ಎಲ್ಲಿಗೆ ಹೋದಳೆಂದು ಅಕ್ಕಪಕ್ಕದವರಿಗೂ ತಿಳಿದಿರಲಿಲ್ಲ. ಒರಳನ್ನು ಗಾಡಿಗೆ ಹಾಕಿಸಿಕೊಂಡು ಹೋದಳು ಎಂದಷ್ಟೇ ಹೇಳಿದರು.

ನೀನೇನು ಮಾಡಿದೆ? ಹೇಳು, ಏನು ಮಾಡಿದೆ? ಆಮೇಲೆ ಆ ಓಣಿಗೆ ಒಂದು ದಿನವೂ ಕಾಲಿಡಲಿಲ್ಲ. "ನೀನೇ ಹೋಗಿ ನೋಡ್ಕಂಡು ಬಾ" ಎಂದು ನನ್ನನ್ನು ಅಟ್ಟಿದೆ. ನಾನು ಬಂದು ಹೇಳಿದರೆ ಸ್ಲೈಡಿನ ಗಾಜು ಒರೆಸುತ್ತ, "ಕಾಲ ಹಂಗೈತೆ ಬಿಡು" ಎಂದೆ. ಕಾಲವೇ? ಕಾಲ ಮೈಕು ಹಿಡಿದಿತ್ತೇ? ನಿನ್ನ ತಿಥಿಯ ದಿನ ಒಬ್ಬರಾದ ಮೇಲೆ ಒಬ್ಬರು ಎದ್ದು, ಸಣ್ಣ ಸಣ್ಣ ಅಂಗಡಿಯವರನ್ನೆಲ್ಲ ಕೈಹಿಡಿದು ಮೇಲೆ ತಂದ ಪುಣ್ಯಾತ್ಮ ಎಂದು ಹೊಗಳಿದರು. ನಾನು ಅಡುಗೆಮನೆಗೆ ಎದ್ದು ಹೋದೆ. ಅಳುವುದಕ್ಕೆ ಹೋದಳು ಎಂದುಕೊಂಡರು.

ನೀನು ಮಲಗಿದ ಕೊನೆಯ ವಾರ ಹುರುಳಿಕಾಳಿನ ಸಾರು ಬೇಕು ಎಂದೆ. ನಾನೇ ರುಬ್ಬಿ ಮಾಡಿದೆ, ಒರಳಿನಲ್ಲೇ. ನೀನು ಒಂದು ತುತ್ತು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದೆ, ತಕ್ಷಣ ತೆರೆದೆ. "ಇದಲ್ಲ ಕಣೆ" ಎಂದೆ. ಇನ್ನೇನೋ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅಮ್ಮ ಬಂದಳು, ನೀನು ಗೋಡೆಯ ಕಡೆ ತಿರುಗಿದೆ. ಏನು ಹೇಳುವುದಿತ್ತು ನಿನಗೆ? ತಪ್ಪಾಯಿತು ಎಂದೇ? ಉಪ್ಪು ಹೆಚ್ಚಾಯಿತು ಎಂದೇ? ಎರಡು ವರ್ಷದಿಂದ ನಾನು ಇದನ್ನೇ...

ಹೋಗಲಿ. ಈಗ ಸುದ್ದಿ ಕೇಳು. ಹೋದ ವಾರ ಒಂದು ಹಳ್ಳಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಬಾಯಾರಿ, ಹತ್ತಿರದ ಮನೆಯ ಬಾಗಿಲಲ್ಲಿ ನಿಂತು, "ಸ್ವಲ್ಪ ನೀರು ಕೊಡ್ತೀರಾ ತಾಯಿ" ಎಂದೆ. ಒಳಗೆ ಒರಳಿನ ಸದ್ದು ನಿಂತಿತು. "ಆ ದನಿ ನನಗೆ ಗೊತ್ತೈತೆ. ಒಳಿಕ್ ಬಾ" ಎಂದಿತು ಒಳಗಿನ ದನಿ. ತಲೆ ಪೂರಾ ಬೆಳ್ಳಗಾಗಿದೆ, ಕೈ ಹಾಗೇ ಇದೆ. ಊಟದ ಹೊತ್ತಿಗೆ ಜಗಲಿಯ ಮೇಲೆ ಅದೇ ಮುತ್ತುಗದ ಎಲೆಗಳು, ಹೊಲದ ಕೆಲಸದವರು ಹತ್ತಿಪ್ಪತ್ತು ಜನ. ನನ್ನನ್ನೂ ಸಾಲಿನಲ್ಲಿ ಕೂರಿಸಿದಳು.

ತುತ್ತು ಬಾಯಿಗಿಟ್ಟೆ. ಅದೇ, ಮಾವ. ಅದೇ ಅದು. ನನಗೇ ಗೊತ್ತಿಲ್ಲದೆ ಕಣ್ಣು ಮುಚ್ಚಿತು.

"ನಿಮ್ಮಾವ ಎಲ್ಲವ್ನೆ? ಬರಾಕೆ ನಾಚ್ಕೆನಾ?" ಎಂದು ಕೇಳಿದಳು. ನೀನು ಹೋದ ಸುದ್ದಿ ಹೇಳಿದೆ. ಅವಳು ಕೈಯಲ್ಲಿದ್ದ ಸಾರಿನ ಸೌಟನ್ನು ಪಾತ್ರೆಗಿಟ್ಟಳು. ಆಮೇಲೆ ಒಳಗೆ ಹೋಗಿ ಇನ್ನೊಂದು ಎಲೆ ತಂದು ನನ್ನ ಪಕ್ಕದಲ್ಲಿ ಹಾಕಿದಳು. ಮುದ್ದೆ ಇಟ್ಟು, ಗುಳಿ ಮಾಡಿ, ಸಾರು ಬಿಟ್ಟಳು. "ಹೊಟ್ಟೆಬಾಕ ನನ್ಮಗ. ಎಲೆ ಮುಟ್ಟಿ ಸುಳ್ಳೇಳ್ದ. ಉಣ್ಲಿ" ಎಂದಳು. ಬಾಗಿಲಿಗೆ ಕೊನೆಯದಾಗಿ ಬಂದ ಒಬ್ಬನಿಗೆ, "ಇವತ್ತಿಂದು ಆತಪ್ಪ, ಒಂದು ಎಲೆ ಬ್ಯಾರೆಯೋರಿಗೆ ಹೋತು" ಎಂದು ಹೇಳಿ ಬಾಗಿಲು ಮುಂದಕ್ಕೆ ಮಾಡಿದಳು. ಆ ಎಲೆಯನ್ನು ನಾನೇ ಹಿತ್ತಲಿನ ಗೋಡೆಯ ಮೇಲಿಟ್ಟು ಬಂದೆ. ಕಾಗೆ ಬರಲು ತಡವಾಗಲಿಲ್ಲ. ನೀನು ಊಟಕ್ಕೆ ಎಂದಾದರೂ ತಡ ಮಾಡಿದ್ದುಂಟೇ?

ಏಜೆನ್ಸಿ ನಡೆಯುತ್ತಿದೆ. ನಿನ್ನ ಕಟ್ಟಳೆ ಬಿಟ್ಟಿಲ್ಲ, ಮೊದಲು ತಿನ್ನುತ್ತೇನೆ. ಅದರ ಜೊತೆಗೆ ನಾನು ಇನ್ನೊಂದು ಸೇರಿಸಿದ್ದೇನೆ: ತಿಂದ ಮೇಲೆ, ನಿಮ್ಮ ಹೆಸರು ಹೇಳಬಹುದೇ ಎಂದು ಕೇಳುತ್ತೇನೆ. ಬೇಡ ಎಂದರೆ ಕೈ ತೊಳೆದು ಎದ್ದು ಬರುತ್ತೇನೆ. ತಿಪ್ಪಮ್ಮನಿಗೆ ನಾನು ಮಾತು ಕೊಡಲಿಲ್ಲ, ಅವಳು ಕೇಳಲೂ ಇಲ್ಲ. ನಮ್ಮ ಮನೆಯವರ ಮಾತಿನ ಬೆಲೆ ಅವಳಿಗೆ ಗೊತ್ತು.

ಯಾವ ಊರು ಎಂದು ಕೇಳುತ್ತಿದ್ದೀಯಲ್ಲವೇ? ಕೇಳಿಯೇ ಕೇಳುತ್ತೀಯ, ನಿನ್ನನ್ನು ನಾನು ಬಲ್ಲೆ. ಜೇಬಿನಲ್ಲಿ ಕಾಗದವೂ ಇಟ್ಟುಕೊಂಡಿರುತ್ತೀಯ. ಹಿರಿಯೂರಿನ ಕಡೆಗೋ ಹೊಳಲ್ಕೆರೆಯ ಕಡೆಗೋ ಎಂಬುದನ್ನೂ ನಾನು ಬರೆಯುವುದಿಲ್ಲ. ನಿನ್ನ ಪಾಲಿನ ಎಲೆ ಬಂದು ಮುಟ್ಟಿತಲ್ಲ, ಉಂಡು ಸುಮ್ಮನಿರು.

ನಿನ್ನ ಮೈಕಿನ ಹುಡುಗಿ,
ಜಯ